ಹಳೇ ಗಾಡಿಗೆ ಹೊಸ ಸ್ಟಿಕರ್

ಮಳೆ ಬಿಟ್ಟಿತು, ನವರಾತ್ರಿ ಬಂತು. ಉಡುತಡಿ ಸೀಮೆಯ ಬೈಕುಗಳು ರೇಡಿಯಂ ಅಂಗಡಿಗಳ ಮುಂದೆ ಸಾಲುಗಟ್ಟುವ ಹೊತ್ತು. ಅವಸರದಲ್ಲಿ ಅಂಟಿಸಿದ ಸ್ಟಿಕರ್ ಮುಂದಿನ ಮಳೆಗಾಲ ದಾಟುವುದಿಲ್ಲ. ಸರಿಯಾಗಿ ಅಂಟಿಸಿದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಗುಟ್ಟು ಇರುವುದು ಅಂಟಿಸುವುದರಲ್ಲಿ ಅಲ್ಲ, ಕೀಳುವುದರಲ್ಲಿ ಮತ್ತು ತೊಳೆಯುವುದರಲ್ಲಿ.

ಬೈಕಿನ ಸ್ಟಿಕರ್ ಮೊದಲು ಕೆಡುವುದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಬುಡದಲ್ಲಿ. ಬಂಕಿನಲ್ಲಿ ತುಂಬಿಸುವಾಗ ತುಳುಕಿದ ನಾಲ್ಕು ಹನಿ ಅಂಚಿನೊಳಗೆ ಇಳಿಯುತ್ತದೆ. ಅಂಟು ಮೆತ್ತಗಾಗುತ್ತದೆ, ಹಾಳೆ ಸುರುಳಿ ಸುತ್ತಿಕೊಂಡು ಮೇಲೇಳುತ್ತದೆ. ಆಮೇಲಿನ ಸರದಿ ಮೊಣಕಾಲು ಉಜ್ಜುವ ಜಾಗದ್ದು. ಅದಾದ ಮೇಲೆ ಸೈಡ್ ಪ್ಯಾನಲ್: ದಿನಕ್ಕೆರಡು ಸಲ ಡೈರಿಗೆ ಹೋಗುವ ಹಾಲಿನ ಕ್ಯಾನು ಅಲ್ಲಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ತಿಂದುಹಾಕುತ್ತದೆ.

ನವರಾತ್ರಿಯ ಹೊತ್ತಿಗೆ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬದ ರೇಡಿಯಂ ಅಂಗಡಿಗಳ ಮುಂದೆ ನಿಲ್ಲುವ ಗಾಡಿಗಳನ್ನು ಸಾಲಾಗಿ ನೋಡುತ್ತ ಹೋದರೆ ಈ ಮೂರೂ ಗಾಯಗಳು ಎದ್ದು ಕಾಣುತ್ತವೆ. ಇಂಜಿನ್ ಇನ್ನೂ ಗಟ್ಟಿಯಾಗಿದೆ, ಟೈರು ಹೊಸದು, ಆದರೆ ಟ್ಯಾಂಕಿನ ಮೇಲೆ ಹರಿದ ಗೆರೆಗಳು. ಅಂಗಡಿಯವರು ಒಂದು ಕೈಯಲ್ಲಿ ಹೇರ್ ಡ್ರೈಯರ್, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಪಟ್ಟಿ ಹಿಡಿದು ಟ್ಯಾಂಕಿನ ಮೇಲೆ ಬಗ್ಗಿರುತ್ತಾರೆ. ಒಳಗೆ ಕಟಿಂಗ್ ಯಂತ್ರ ಕಿರ್ರೆನ್ನುತ್ತ ಯಾರದೋ ಮನೆದೇವರ ಹೆಸರನ್ನು ಕತ್ತರಿಸುತ್ತಿರುತ್ತದೆ.

ಉಡುತಡಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಹತ್ತಿರ. 12ನೇ ಶತಮಾನದ ಅಕ್ಕಮಹಾದೇವಿಯ ಹುಟ್ಟೂರು. ಅಲ್ಲಮಪ್ರಭುವಿನ ಬಳ್ಳಿಗಾವಿ ಅದರ ನೆರೆಯಲ್ಲೇ ಇದೆ. 2023ರಲ್ಲಿ ಉಡುತಡಿಯಲ್ಲಿ ಅಕ್ಕನ ಎತ್ತರದ ಪ್ರತಿಮೆ ಅನಾವರಣಗೊಂಡ ಮೇಲೆ ಹೊರಗಿನ ಬೈಕುಗಳೂ ಈ ದಾರಿಗೆ ಬರುತ್ತವೆ. ಊರಿನವರ ಬೈಕು ಮಾತ್ರ ಪ್ರವಾಸದ ಗಾಡಿಯಲ್ಲ, ದುಡಿಮೆಯ ಗಾಡಿ. ಅಡಿಕೆ ತೋಟ, ಭತ್ತದ ಗದ್ದೆ, ಜೋಳ ಮತ್ತು ಶುಂಠಿಯ ಹೊಲಗಳ ನಡುವೆ ಅದು ಹುಲ್ಲಿನ ಹೊರೆ, ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ಹೊರುತ್ತದೆ.

ಈ ಸೀಮೆಯ ಹವೆಯೂ ಸ್ಟಿಕರಿಗೆ ಕಷ್ಟದ್ದೇ. ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಮಲೆನಾಡು. ಬೇಸಿಗೆಯ ಬಿಸಿಲಿಗೆ ನಿಲ್ಲಿಸಿದ ಕಪ್ಪು ಟ್ಯಾಂಕನ್ನು ಕೈಯಲ್ಲಿ ಮುಟ್ಟಲಾಗುವುದಿಲ್ಲ. ಜೂನ್ ಬಂದರೆ ನಾಲ್ಕು ತಿಂಗಳು ಒದ್ದೆ. ಬಿಸಿಗೆ ಹಾಳೆ ಕುಗ್ಗುತ್ತದೆ, ಕುಗ್ಗಿದ ಅಂಚಿನಲ್ಲಿ ಅಂಟು ಹೊರಗಿಣುಕುತ್ತದೆ, ಅದಕ್ಕೆ ಕೆಂಪು ಧೂಳು ಮೆತ್ತಿಕೊಳ್ಳುತ್ತದೆ, ಮಳೆನೀರು ಆ ಸಂದಿಯಲ್ಲೇ ಒಳಗೆ ಹೋಗುತ್ತದೆ. ಒಣಬಟ್ಟೆಯಲ್ಲಿ ಧೂಳು ಒರೆಸುವ ಅಭ್ಯಾಸ ಉಳಿದ ಹಾನಿಯನ್ನು ಪೂರೈಸುತ್ತದೆ. ಮಣ್ಣಿನ ಸಣ್ಣ ಕಣಗಳು ಉಪ್ಪುಕಾಗದದಂತೆ ಬಣ್ಣವನ್ನೂ ಸ್ಟಿಕರನ್ನೂ ಒಟ್ಟಿಗೆ ಕೆರೆಯುತ್ತವೆ.

ಗೆರೆ ಎಳೆಯುವ ಕಾಲ, ಅಂಟಿಸುವ ಕಾಲ

ಟ್ಯಾಂಕಿನ ಮೇಲಿನ ಅಲಂಕಾರ ಮೊದಲಿಗೆ ಕುಂಚದ ಕೆಲಸವಾಗಿತ್ತು. ಉದ್ದ ಕೂದಲಿನ ಸಣ್ಣ ಕುಂಚವನ್ನು ಬಣ್ಣದಲ್ಲಿ ಅದ್ದಿ, ಉಸಿರು ಹಿಡಿದು, ಒಂದೇ ಎಳೆತದಲ್ಲಿ ಟ್ಯಾಂಕಿನ ಬಳುಕಿಗೆ ತಕ್ಕಂತೆ ಗೆರೆ ಹಾಕಬೇಕು. ಚೆನ್ನೈಯ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಬುಲೆಟ್ ಟ್ಯಾಂಕಿನ ಚಿನ್ನದ ಬಣ್ಣದ ಗೆರೆಗಳನ್ನು ಹೀಗೆ ಕೈಯಲ್ಲೇ ಎಳೆಯುವ ಪದ್ಧತಿ ಬಹುಕಾಲ ಉಳಿದು ಹೆಸರಾಗಿದೆ.

ಕರ್ನಾಟಕದ್ದೇ ಮೋಟಾರ್‌ಸೈಕಲ್ ಎಂದರೆ ಜಾವಾ. ಫಾರೂಖ್ ಇರಾನಿ ಮತ್ತು ರುಸ್ತುಂ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಶುರುವಾಯಿತು. ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ತಯಾರಾದ ಆ 250 ಸಿಸಿ ಗಾಡಿಯ ಗುರುತೆಂದರೆ ಕುಂಕುಮಗೆಂಪು ಮೈ, ಟ್ಯಾಂಕಿನ ಎರಡೂ ಬದಿಗೆ ಹೊಳೆಯುವ ಕ್ರೋಮ್, ಅಂಚಿಗೆ ಚಿನ್ನದ ಗೆರೆ, ಮೊಣಕಾಲಿಗೆ ರಬ್ಬರ್ ಪ್ಯಾಡ್. ಮೊಣಕಾಲು ಎಲ್ಲಿ ಉಜ್ಜುತ್ತದೆಂದು ಆ ಕಾಲದವರಿಗೆ ತಿಳಿದಿತ್ತು. ಸವೆಯುವ ಜಾಗದಲ್ಲಿ ಅಲಂಕಾರವನ್ನು ಇಡದೆ ರಬ್ಬರನ್ನು ಇಟ್ಟರು. ಈಗಿನ ಬೈಕುಗಳಲ್ಲಿ ಈ ವಿವೇಕ ಕಡಿಮೆಯಾಗಿದೆ.

1970ರ ದಶಕದಲ್ಲಿ ಜಾವಾ ಹೆಸರಿನ ಪರವಾನಗಿ ಮುಗಿದಾಗ ಗಾಡಿ ಹಾಗೆಯೇ ಉಳಿಯಿತು, ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಅದರ ಗಾಡಿಗಳು ಓಡುತ್ತಲೇ ಇವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಆಚರಿಸುವ ಬಳಗಗಳು ರಾಜ್ಯದಲ್ಲಿವೆ. ಹಳೆಯ ಟ್ಯಾಂಕಿಗೆ ಆಯಾ ವರ್ಷದ್ದೇ ಅಕ್ಷರ, ಆಯಾ ವರ್ಷದ್ದೇ ಗೆರೆ ಹುಡುಕಿ ಹಾಕುವುದರಲ್ಲಿ ಇಂಥ ಬಳಗಗಳ ಶ್ರದ್ಧೆ ದೊಡ್ಡದು.

ಕುಂಚ ಮತ್ತು ಈಗಿನ ಸ್ಟಿಕರ್ ನಡುವೆ ಇನ್ನೊಂದು ಹಂತ ಇತ್ತು: ನೀರಿನಲ್ಲಿ ನೆನೆಸಿ ಜಾರಿಸುವ ಚಿತ್ರ. ಗೋಂದು ಬಳಿದ ಕಾಗದದ ಮೇಲೆ ಚಿತ್ರ ಅಚ್ಚುಹಾಕಿ, ಮೇಲೆ ತೆಳುವಾದ ವಾರ್ನಿಷ್ ಪದರ ಕೊಡುತ್ತಿದ್ದರು. ನೀರಿಗೆ ಹಾಕಿದರೆ ಗೋಂದು ಕರಗಿ ಚಿತ್ರ ಸಡಿಲವಾಗುತ್ತದೆ. ಅದನ್ನು ಲೋಹದ ಮೇಲೆ ಜಾರಿಸಿ ನೀರು ಒತ್ತಿ ತೆಗೆಯಬೇಕು. ಅಜ್ಜಿಯರ ಹೊಲಿಗೆ ಯಂತ್ರದ ಮೇಲಿನ ಬಂಗಾರದ ಬಳ್ಳಿ, ಹಳೆಯ ಸೈಕಲ್ಲಿನ ಕಂಬಿಯ ಮೇಲಿನ ಹೆಸರು, ಎಲ್ಲವೂ ಇದೇ ಬಗೆ.

ಹಿಂಬದಿಯ ಕಾಗದ ಸುಲಿದು ಒತ್ತಿದರೆ ಅಂಟುವ ಚೀಟಿಯನ್ನು 1935ರಲ್ಲಿ ಅಮೆರಿಕದ ಸ್ಟಾಂಟನ್ ಏವರಿ ಮಾರುಕಟ್ಟೆಗೆ ತಂದರು. ಕಾಗದದ ಜಾಗಕ್ಕೆ ಪಿವಿಸಿ ಹಾಳೆ ಬಂದ ಮೇಲೆ ಅದು ಬಿಸಿಲು ಮಳೆಗೂ ತಡೆಯುವಂತಾಯಿತು. 1980ರ ದಶಕದ ಆರಂಭದಲ್ಲಿ ಗರ್ಬರ್ ಸಂಸ್ಥೆ ಕಂಪ್ಯೂಟರ್ ನಡೆಸುವ ಅಕ್ಷರ ಕತ್ತರಿಸುವ ಯಂತ್ರವನ್ನು ಹೊರತಂದಿತು. ಅದರ ಮೊಮ್ಮಕ್ಕಳೇ ಇವತ್ತು ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಕಿರ್ರೆನ್ನುತ್ತಿರುವುದು. ಯಂತ್ರದ ಮೊನೆ ಮೇಲಿನ ಹಾಳೆಯನ್ನಷ್ಟೇ ಕತ್ತರಿಸುತ್ತದೆ. ಅಡಿಯ ಕಾಗದಕ್ಕೆ ಗಾಯವಾಗುವುದಿಲ್ಲ.

ಹೆಸರು ಬದಲಾಯಿತು, ಗಾಡಿ ಅದೇ

*1985ರಲ್ಲಿ ಸಿಡಿ 100 ಮೂಲಕ ಬಂದ ಹೀರೋ ಹೋಂಡಾ ಜೋಡಿ 2010ರ ಡಿಸೆಂಬರಿನಲ್ಲಿ ಬೇರೆಯಾಗಲು ತೀರ್ಮಾನಿಸಿತು; 2011ರಿಂದ ಟ್ಯಾಂಕಿನ ಮೇಲೆ ಹೀರೋ ಮಾತ್ರ ಉಳಿಯಿತು. 1994ರಲ್ಲಿ ಬಂದ ಸ್ಪ್ಲೆಂಡರ್ ಅದೇ ಹೆಸರಿನಲ್ಲಿ ಮುಂದುವರಿಯಿತು. ಟಿವಿಎಸ್ ಮತ್ತು ಸುಜುಕಿ 2001ರಲ್ಲಿ ಬೇರೆಯಾದವು. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100ರ ಟ್ಯಾಂಕ್ ಗೆರೆಗಳ ಮರುಮುದ್ರಿತ ಸೆಟ್ ಈಗಲೂ ಸಿಗುತ್ತದೆ. ಹಳೆಯ ಗಾಡಿಗೆ ಸ್ಟಿಕರ್ ಕೊಳ್ಳುವಾಗ ಮಾದರಿ, ತಯಾರಾದ ವರ್ಷ, ಮೈಬಣ್ಣ ಮೂರನ್ನೂ ಆರ್‌ಸಿ ನೋಡಿ ಹೇಳಬೇಕು. ಹೀರೋ ಹೋಂಡಾ ಎಂದು ನೋಂದಣಿಯಾದ ಗಾಡಿಗೆ ಹೀರೋ ಹೋಂಡಾ ಸೆಟ್ಟೇ ಸರಿ.*

ಹಾಳೆಯ ಜಾತಿ

ಅಂಗಡಿಯಲ್ಲಿ ಒಂದೇ ರೀತಿ ಕಾಣುವ ಎರಡು ಸ್ಟಿಕರ್ ಸೆಟ್‌ಗಳ ಬೆಲೆಯಲ್ಲಿ ಬಹಳ ಅಂತರ ಇರುವುದಕ್ಕೆ ಕಾರಣವಿದೆ. ಪಿವಿಸಿ ಹಾಳೆ ಮಾಡುವ ವಿಧಾನ ಎರಡು. ಒಂದರಲ್ಲಿ ಬಿಸಿ ಪಿವಿಸಿಯನ್ನು ಉರುಳೆಗಳ ನಡುವೆ ಹಿಸುಕಿ ಎಳೆದು ತೆಳುವಾಗಿಸುತ್ತಾರೆ. ಇದಕ್ಕೆ ಕ್ಯಾಲೆಂಡರ್ಡ್ ವಿನೈಲ್ ಎನ್ನುತ್ತಾರೆ. ಸಾಮಾನ್ಯವಾಗಿ 70ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಎಳೆದು ಮಾಡಿದ್ದರಿಂದ ಅದರೊಳಗೆ ಬಿಗುವು ಉಳಿದಿರುತ್ತದೆ. ಬಿಸಿಲು ತಾಗಿದಾಗಲೆಲ್ಲ ಮೊದಲಿನ ಅಳತೆಗೆ ಮರಳಲು ನೋಡುತ್ತದೆ. ಅಂಚಿನ ಸುತ್ತ ಕಾಣುವ ಕಪ್ಪು ಜಿಗುಟು ಗೆರೆ ಹುಟ್ಟುವುದು ಹೀಗೆ.

ಇನ್ನೊಂದರಲ್ಲಿ ಪಿವಿಸಿಯನ್ನು ದ್ರಾವಣವಾಗಿಸಿ, ನುಣುಪಾದ ಹಾಸಿನ ಮೇಲೆ ಹೊಯ್ದು, ಒಲೆಯಲ್ಲಿ ಒಣಗಿಸುತ್ತಾರೆ. ಯಾರೂ ಎಳೆಯದ ಕಾರಣ ಅದಕ್ಕೆ ಬಿಗುವಿಲ್ಲ. ಸುಮಾರು 50 ಮೈಕ್ರಾನ್ ಅಷ್ಟೇ ದಪ್ಪ. ಕಾಸ್ಟ್ ವಿನೈಲ್ ಎಂದು ಕರೆಯುವ ಈ ಹಾಳೆ ಟ್ಯಾಂಕಿನ ಉಬ್ಬು ತಗ್ಗಿಗೆ ಮೈಬಗ್ಗಿಸಿ ಕೂರುತ್ತದೆ. ದುಬಾರಿ. ಆದರೆ ಟ್ಯಾಂಕಿಗೆ ಇದೇ ತಕ್ಕದ್ದು. ಸಮತಟ್ಟಾದ ಸೈಡ್ ಪ್ಯಾನಲ್ಲಿಗೆ, ಮಡ್‌ಗಾರ್ಡಿನ ಸಣ್ಣ ಹೆಸರಿಗೆ ಅಗ್ಗದ ಹಾಳೆ ಸಾಕು. ಎಲ್ಲ ಕಡೆಗೂ ಒಂದನ್ನೇ ಹಾಕಿಸಿ ಟ್ಯಾಂಕಿನಲ್ಲಿ ಮುಗ್ಗರಿಸುವುದಕ್ಕಿಂತ ಹೀಗೆ ಹಂಚಿ ಖರ್ಚು ಮಾಡುವುದು ಮೇಲು.

ಬಣ್ಣದ ಹಾಳೆಯನ್ನು ಕತ್ತರಿಸಿ ಮಾಡಿದ್ದಕ್ಕೂ ಬಿಳಿ ಹಾಳೆಯ ಮೇಲೆ ಮುದ್ರಿಸಿದ್ದಕ್ಕೂ ವ್ಯತ್ಯಾಸ ಇದೆ. ಮುದ್ರಿಸಿದ ಬಣ್ಣ ಬಿಸಿಲಿಗೆ ಬೇಗ ಬಿಳಚುತ್ತದೆ. ಅದರ ಮೇಲೆ ಪಾರದರ್ಶಕ ಲ್ಯಾಮಿನೇಷನ್ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಮೂಲೆಗಳನ್ನೂ ನೋಡಬೇಕು. ಚೂಪು ಮೂಲೆ ಮೊದಲು ಏಳುತ್ತದೆ, ದುಂಡಗಿನ ಮೂಲೆ ಹಿಡಿದು ನಿಲ್ಲುತ್ತದೆ. ಈ ಲೆಕ್ಕದಲ್ಲಿ ಕನ್ನಡದ ದುಂಡು ಅಕ್ಷರಗಳು ಸ್ಟಿಕರಿಗೆ ಹೇಳಿ ಮಾಡಿಸಿದಂತಿವೆ. ತೊಂದರೆ ಕೊಡುವುದು ಒತ್ತಕ್ಷರ. ಸಣ್ಣದಾಗಿ ಕತ್ತರಿಸಿದರೆ ಅದು ಮೂಲ ಅಕ್ಷರದಿಂದ ಬೇರೆಯಾಗಿ, ಬೆರಳುಗುರಿನಷ್ಟೂ ಇಲ್ಲದ ತುಂಡಾಗಿ ಮೊದಲ ತೊಳೆತಕ್ಕೇ ಹೋಗುತ್ತದೆ. ದೇವರ ಹೆಸರುಗಳಲ್ಲೇ ನೋಡಿ: ರೇಣುಕಾಂಬ ಉಳಿಯುತ್ತಾಳೆ, ಹುಚ್ಚರಾಯಸ್ವಾಮಿಯ ಒತ್ತುಗಳು ಬಿದ್ದುಹೋಗುತ್ತವೆ. ಒತ್ತಕ್ಷರ ಇರುವ ಹೆಸರನ್ನು ಸ್ವಲ್ಪ ದೊಡ್ಡದಾಗಿ, ಒತ್ತು ಮೇಲಿನ ಅಕ್ಷರಕ್ಕೆ ತಾಗಿರುವಂತೆ ಮಾಡಿಸುವುದು ಲೇಸು.

ಕುಂಬಳೆಯಿಂದ ಹೊರಟ ಹನುಮ

*ಕೇಸರಿ ಮತ್ತು ಕಪ್ಪು ಬಣ್ಣದಲ್ಲಿ ಹುಬ್ಬು ಗಂಟಿಕ್ಕಿ ನೋಡುವ ಹನುಮನ ಮುಖ ಕರ್ನಾಟಕದ ಬೈಕು, ಆಟೊ, ಕಾರುಗಳ ಮೇಲೆಲ್ಲ ಇದೆ. ಅದನ್ನು 2015ರಲ್ಲಿ ರಚಿಸಿದವರು ಕಾಸರಗೋಡು ಜಿಲ್ಲೆ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. ಊರಿನ ಗೆಳೆಯರ ಕ್ಲಬ್ಬಿನ ಗಣೇಶೋತ್ಸವದ ಧ್ವಜಕ್ಕಾಗಿ. ಚಿತ್ರದಲ್ಲಿ ಬಣ್ಣದ ಏರಿಳಿತವಿಲ್ಲ, ಸ್ಪಷ್ಟ ಅಂಚಿನ ಸಪಾಟು ಬಣ್ಣಗಳಷ್ಟೇ. ಕಟಿಂಗ್ ಯಂತ್ರಕ್ಕೆ ಇದಕ್ಕಿಂತ ಒಗ್ಗುವ ಚಿತ್ರ ಇನ್ನೊಂದಿಲ್ಲ. ಅದು ಅಷ್ಟು ಬೇಗ ಹರಡಿದ್ದಕ್ಕೆ ಭಕ್ತಿಯ ಜೊತೆಗೆ ಈ ಸರಳತೆಯೂ ಕಾರಣ.*

ಕೀಳುವ ಕೆಲಸ

ಕೀಳುವ ಮೊದಲು ಅಳತೆ ತೆಗೆಯಬೇಕು. ಇದನ್ನು ಮರೆತವರ ಟ್ಯಾಂಕಿನಲ್ಲಿ ಎಡಗೆರೆ ಮೇಲೆ, ಬಲಗೆರೆ ಕೆಳಗೆ. ಹಳೆಯ ಸ್ಟಿಕರ್ ಇರುವಾಗಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವುದು ಒಂದು. ಅದರ ಮೇಲೆ ಬಟರ್ ಪೇಪರ್ ಹಾಸಿ ಪೆನ್ಸಿಲ್ಲಿನಲ್ಲಿ ಅಚ್ಚು ಎತ್ತಿಕೊಳ್ಳುವುದು ಇನ್ನೊಂದು. ಕಾಗದದಲ್ಲಿ ಟ್ಯಾಂಕಿನ ಮುಚ್ಚಳ, ಕೆಳಗಿನ ಬೆಸುಗೆಯ ಅಂಚು, ಸೀಟು ಸೇರುವ ಜಾಗವನ್ನೂ ಗುರುತಿಸಿಕೊಂಡರೆ, ಹೊಸ ಸ್ಟಿಕರ್ ಎಲ್ಲಿ ಕೂರಬೇಕೆಂಬ ಅನುಮಾನ ಉಳಿಯುವುದಿಲ್ಲ. ಒಂದು ಬದಿಯ ಕಾಗದವನ್ನೇ ಮಗುಚಿ ಇನ್ನೊಂದು ಬದಿಗೆ ಹಿಡಿಯಬಹುದು.

ಆಮೇಲೆ ಸ್ಟಿಕರಿನ ಅಂಚಿನ ಮೇಲೆ ಉಗುರು ಆಡಿಸಿ ನೋಡಬೇಕು. ಮೆಟ್ಟಿಲು ತಗುಲಿದರೆ ಸ್ಟಿಕರ್ ಬಣ್ಣದ ಮೇಲಿದೆ, ಕೀಳಬಹುದು. ಉಗುರು ಜಾರಿಹೋದರೆ ಅದು ಲ್ಯಾಕರಿನ ಅಡಿಯಲ್ಲಿ ಹೂತಿದೆ. ಅದನ್ನು ಸುಲಿಯಲಾಗದು, ಉಪ್ಪುಕಾಗದ ಹಾಕಿ ಲ್ಯಾಕರ್, ಸ್ಟಿಕರ್ ಎರಡನ್ನೂ ತಿಕ್ಕಿ ತೆಗೆದು ಮತ್ತೆ ಬಣ್ಣ ಹೊಡೆಸಬೇಕು. ಆಗ ಅದು ಸ್ಟಿಕರ್ ಅಂಗಡಿಯ ಕೆಲಸವಲ್ಲ, ಪೇಂಟರ್ ಕೆಲಸ.

ಸುಲಿಯುವುದಕ್ಕೆ ಬೇಕಾದ್ದು ಹದವಾದ ಬಿಸಿ. ಹೇರ್ ಡ್ರೈಯರನ್ನು ಒಂದು ಗೇಣು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ, ಕೈಯಿಟ್ಟರೆ ತಾಳುವಷ್ಟು ಬಿಸಿ ಮಾಡಬೇಕು. ಅಂಟು ಮೆತ್ತಗಾದಾಗ ಮೂಲೆಯನ್ನು ಉಗುರಿನಿಂದ ಎತ್ತಿ, ಹಾಳೆಯನ್ನು ಅದರ ಮೇಲೆಯೇ ಮಡಚುವಂತೆ ಹಿಂದಕ್ಕೆ ನಿಧಾನವಾಗಿ ಎಳೆಯಬೇಕು. ಮೇಲಕ್ಕೆ ಎಳೆದರೆ ಹರಿಯುತ್ತದೆ, ಬಣ್ಣವನ್ನೂ ಕಿತ್ತುಕೊಂಡು ಬರಬಹುದು. ಹಾಳೆ ಹಳತಾಗಿ ಸೆಟೆದು ಚೂರುಚೂರಾಗಿ ಬರುತ್ತಿದ್ದರೆ ಬ್ಲೇಡಿಗೆ ಕೈಹಾಕಬಾರದು. ಹಳೆಯ ಎಟಿಎಂ ಕಾರ್ಡಿನ ಅಂಚು ಸಾಕು. ಉಬ್ಬಿದ ಲಾಂಛನಗಳ ಅಡಿಗೆ ಸ್ಪಂಜಿನ ಟೇಪು ಇರುತ್ತದೆ. ಅದಕ್ಕೆ ಗಾಳದ ದಾರವನ್ನು ಹಿಂದಿನಿಂದ ತೂರಿಸಿ ಗರಗಸದ ಹಾಗೆ ಎಳೆದಾಡಿದರೆ ಲಾಂಛನ ಬಾಗದೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲಮಟ್ಟದಲ್ಲಿ ಕಣ್ಣಿಗೆ ಕಾಣದೆ ಹರಡಿ ನಿಲ್ಲುತ್ತದೆ, ಯಾವ ಚಳಿಯಲ್ಲೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಡ್ರೈಯರಿನ ಒಳಗಿನ ತಂತಿ ಕೆಂಪಗೆ ಕಾದಿರುತ್ತದೆ, ಅದರ ಮೋಟಾರಿನಲ್ಲಿ ಕಿಡಿಯೂ ಇರುತ್ತದೆ. ಆದ್ದರಿಂದ ಟ್ಯಾಂಕನ್ನು ಗಾಡಿಯಿಂದ ಬಿಚ್ಚಿ, ಪೆಟ್ರೋಲನ್ನು ಮುಚ್ಚಳವಿರುವ ಬೇರೆ ಕ್ಯಾನಿಗೆ ಬಸಿದು ದೂರ ಇಟ್ಟು, ಟ್ಯಾಂಕಿನ ಮುಚ್ಚಳ ಮತ್ತು ಕೆಳಗಿನ ಪೈಪಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಬೇಕು. ಖಾಲಿ ಟ್ಯಾಂಕೂ ಆವಿಯಿಂದ ತುಂಬಿರುತ್ತದೆ ಎಂಬುದು ನೆನಪಿರಲಿ. ಅನುಮಾನವಿದ್ದರೆ ಡ್ರೈಯರ್ ಬೇಡ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ಟಿಕರಿನ ಮೇಲೆ ಹಾಸಿ, ತಣಿದಂತೆ ಬದಲಿಸುತ್ತ ಹೋದರೂ ಅಂಟು ಬಿಡುತ್ತದೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಬೆಂಕಿಕಡ್ಡಿ, ಲೈಟರ್ ಹಚ್ಚಿ ಕಾಯಿಸುವ ಚಾಳಿಯನ್ನು ಎಲ್ಲಿ ಕಂಡರೂ ತಡೆಯಬೇಕು.

ಹಾಳೆ ಬಂದ ಮೇಲೆ ಅಂಟು ಉಳಿಯುತ್ತದೆ. ನೀಲಗಿರಿ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಅದು ಉಂಡೆಯಾಗಿ ಬರುತ್ತದೆ. ಥಿನ್ನರ್ ಹಾಕಿದರೆ ಕ್ಷಣದಲ್ಲಿ ಹೋಗುತ್ತದೆ ನಿಜ. ಆದರೆ ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆದ ಟ್ಯಾಂಕಾಗಿದ್ದರೆ ಬಣ್ಣವೂ ಜೊತೆಗೇ ಹೋಗುತ್ತದೆ. ಎಣ್ಣೆಯ ಪಸೆ ಉಳಿದರೆ ಹೊಸ ಸ್ಟಿಕರ್ ಹಿಡಿಯದು. ಹಾಗಾಗಿ ಶಾಂಪೂ ನೀರಿನಿಂದ ತೊಳೆದು, ಒಣಗಿಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು.

ಆಗ ಕಾಣುವುದು ಹಳೆಯ ಸ್ಟಿಕರಿನ ನೆರಳು. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಸ್ಟಿಕರಿನ ಅಡಿಯದು ಹೊಸದರಂತಿದೆ. ರಬ್ಬಿಂಗ್ ಕಾಂಪೌಂಡ್ ಹಾಕಿ ಮೇಲಿನ ಮಾಸಿದ ಪದರವನ್ನು ತೆಳುವಾಗಿ ತಿಕ್ಕಿದರೆ ಅಂತರ ಕಡಿಮೆಯಾಗುತ್ತದೆ. ಅತಿಯಾಗಿ ತಿಕ್ಕಿದರೆ ಅಡಿಯ ಪ್ರೈಮರ್ ಕಾಣುತ್ತದೆ. ಹಳೆಯದೇ ಆಕಾರದ ಹೊಸ ಸೆಟ್ ಹಾಕಿಸಿದರೆ ಈ ನೆರಳು ಅದರಡಿಗೇ ಮುಚ್ಚಿಹೋಗುತ್ತದೆ. ಮೂಲ ವಿನ್ಯಾಸಕ್ಕೇ ಅಂಟಿಕೊಳ್ಳಬೇಕೆನ್ನಲು ಇದೊಂದು ಗಟ್ಟಿ ಕಾರಣ.

ಕಿತ್ತ ಜಾಗದಲ್ಲಿ ಬಣ್ಣ ಉಬ್ಬಿ ಕಂದು ತುಕ್ಕು ಕಂಡರೆ ಸ್ಟಿಕರನ್ನು ಬದಿಗಿಟ್ಟು ಮೊದಲು ಬಣ್ಣ ಮಾಡಿಸಬೇಕು. ಹೊಸ ಬಣ್ಣದ ಮೇಲೆ ಮಾರನೇ ದಿನವೇ ಸ್ಟಿಕರ್ ಹಾಕಬಾರದು. ಒಣಗಿದಂತೆ ಕಂಡರೂ ಒಳಗಿನ ದ್ರಾವಕ ಆವಿಯಾಗುತ್ತಲೇ ಇರುತ್ತದೆ. ಹಾಳೆ ಅದಕ್ಕೆ ಅಡ್ಡ ನಿಂತರೆ ಗುಳ್ಳೆ ಏಳುತ್ತದೆ. ಕನಿಷ್ಠ ಒಂದು ವಾರ, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಕಾಯಬೇಕು.

ಅಂಟಿಸುವ ಕೆಲಸ

ನೆರಳಿನ ಜಾಗ, ಧೂಳಿಲ್ಲದ ಗಾಳಿ, ತಣ್ಣಗಿನ ಟ್ಯಾಂಕು. ಇಷ್ಟಿದ್ದರೆ ಅರ್ಧ ಕೆಲಸ ಆದಂತೆ. ಏಪ್ರಿಲ್ ಮಧ್ಯಾಹ್ನದ ಕಾದ ಟ್ಯಾಂಕಿಗೆ ಸ್ಟಿಕರ್ ತಾಗಿಸಿದ ಕೂಡಲೇ ಕಚ್ಚಿಕೊಳ್ಳುತ್ತದೆ, ಸರಿಪಡಿಸಲು ಬಿಡುವುದಿಲ್ಲ. ಜುಲೈಯ ತೇವದಲ್ಲಿ ಅಡಿಯ ನೀರು ಆರುವುದೇ ಇಲ್ಲ. ಈ ಸೀಮೆಗೆ ಅಕ್ಟೋಬರಿನಿಂದ ಫೆಬ್ರುವರಿವರೆಗಿನ ಬೆಳಗ್ಗೆ ಅತ್ಯುತ್ತಮ ಸಮಯ.

ದೊಡ್ಡ ಸ್ಟಿಕರನ್ನು ಒದ್ದೆಯಾಗಿ, ಸಣ್ಣದನ್ನು ನೀರಿಲ್ಲದೆ ಒಣದಾಗಿ ಅಂಟಿಸುವುದು ವಾಡಿಕೆ. ಅರ್ಧ ಲೀಟರ್ ನೀರಿಗೆ ಬೇಬಿ ಶಾಂಪೂವಿನ ಮೂರು ನಾಲ್ಕು ಹನಿ ಹಾಕಿ ಸ್ಪ್ರೇ ಬಾಟಲಿಯಲ್ಲಿ ತುಂಬಿ, ಟ್ಯಾಂಕಿಗೂ ಸ್ಟಿಕರಿನ ಅಂಟಿನ ಬದಿಗೂ ಸಿಂಪಡಿಸಬೇಕು. ಆಗ ಸ್ಟಿಕರ್ ತೇಲುತ್ತದೆ. ಗುರುತಿನ ಮೇಲೆ ಕೂರುವವರೆಗೆ ಜರುಗಿಸಬಹುದು. ಆಮೇಲೆ ಮೆತ್ತನೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ಒತ್ತಿ ಹೊರಹಾಕಬೇಕು. ಅಂಚಿನಿಂದ ನಡುವಿಗೆ ಒತ್ತಿದರೆ ನೀರು, ಗಾಳಿ ಎರಡೂ ಸಿಕ್ಕಿಬೀಳುತ್ತವೆ.

ಒಣ ವಿಧಾನದಲ್ಲಿ ಸ್ಟಿಕರನ್ನು ಕಾಗದ ಸಮೇತ ಸರಿಯಾದ ಜಾಗಕ್ಕೆ ಹಿಡಿದು ಒಂದು ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕುತ್ತಾರೆ. ಆ ಟೇಪೇ ಕೀಲು. ಸ್ಟಿಕರನ್ನು ಅದರ ಮೇಲೆ ಮಗುಚಿ, ಹಿಂಬದಿಯ ಕಾಗದ ಸುಲಿದು, ಮತ್ತೆ ಇಳಿಸುತ್ತ ಒತ್ತಿದರೆ ಕೂದಲೆಳೆಯಷ್ಟೂ ಅತ್ತಿತ್ತ ಆಗದು.

ಉಬ್ಬಿನ ಜಾಗದಲ್ಲಿ ಹಾಳೆಯನ್ನು ತುಸು ಬೆಚ್ಚಗೆ ಮಾಡಿ ಬಗ್ಗಿಸಬೇಕು. ಬಲವಾಗಿ ಎಳೆದರೆ ಬಣ್ಣ ಬಿಳಿಚಿಕೊಳ್ಳುತ್ತದೆ, ಎಳೆದದ್ದು ನಾಳೆ ಮರಳಿ ಕುಗ್ಗುತ್ತದೆ. ಉಳಿದ ಗುಳ್ಳೆಗೆ ಸೂಜಿಯಿಂದ ಅಂಚಿನಲ್ಲಿ ಒಂದು ತೂತು ಹಾಕಿ ಒತ್ತಿದರೆ ಮುಗಿಯಿತು. ಅಕ್ಷರಗಳನ್ನು ಹಿಡಿದಿಡುವ ಮೇಲಿನ ಟೇಪನ್ನು ತೆಗೆಯುವುದಕ್ಕೆ ಅರ್ಧ ಗಂಟೆಯಾದರೂ ಕಾಯಬೇಕು. ಅದನ್ನೂ ಹಿಂದಕ್ಕೆ ಪೂರ್ತಿ ಮಡಚಿ ನಿಧಾನ ಎಳೆಯಬೇಕು. ಕೊನೆಗೆ ಅಂಚುಗಳಿಗೆ ಇನ್ನೊಮ್ಮೆ ಹದ ಬಿಸಿ ಕೊಟ್ಟು ಬೆರಳಿನಿಂದ ಒತ್ತಿದರೆ ಹಾಳೆ ಹೊಸ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ.

ಅಂಟು ಪೂರ್ತಿ ಬಲ ಪಡೆಯಲು ಸುಮಾರು ಮೂರು ದಿನ ಬೇಕು. ಅಲ್ಲಿಯವರೆಗೆ ತೊಳೆಯುವಂತಿಲ್ಲ, ಮಳೆಗೆ ನಿಲ್ಲಿಸುವಂತಿಲ್ಲ. ಆಯುಧಪೂಜೆಯ ಬೆಳಗ್ಗೆ ಗಾಡಿ ತೊಳೆಯುವುದು ತಪ್ಪದ ಕಾರಣ ಹಿಂದಿನ ಸಂಜೆ ಸ್ಟಿಕರ್ ಹಾಕಿಸುವುದರಲ್ಲಿ ಅರ್ಥವಿಲ್ಲ. ಒಂದೋ ವಾರ ಮೊದಲೇ ಮಾಡಿಸಬೇಕು, ಇಲ್ಲವೇ ಹಬ್ಬ ಕಳೆಯಲು ಬಿಡಬೇಕು. ವಾಟರ್ ಸರ್ವಿಸಿನಲ್ಲಿ ಒತ್ತಡದ ನೀರನ್ನು ಅಂಚಿಗೆ ನೇರವಾಗಿ ಹಿಡಿಯದಂತೆ ಯಾವಾಗಲೂ ಹೇಳಬೇಕು.

ಲ್ಯಾಕರ್ ಬೇಕೇ?

ಸ್ಟಿಕರಿನ ಮೇಲೆ ಲ್ಯಾಕರ್ ಹೊಡೆಸಿದರೆ ಅಂಚು ಏಳುವುದಿಲ್ಲ, ಪೆಟ್ರೋಲ್ ತಾಗುವುದಿಲ್ಲ ಎಂಬುದು ನಿಜ. ಆದರೆ ಯಾವ ಲ್ಯಾಕರ್ ಎಂಬುದು ಮುಖ್ಯ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರೇ ಡಬ್ಬಿಯ ಲ್ಯಾಕರ್ ಪೆಟ್ರೋಲ್ ಬಿದ್ದರೆ ಜಿಗುಟಾಗುತ್ತದೆ. ತಡೆಯುವುದು ಹಾರ್ಡನರ್ ಬೆರೆಸಿ ಹೊಡೆಯುವ ಎರಡು ಭಾಗದ ಪಿಯು (ಪಾಲಿಯುರೆಥೇನ್) ಲ್ಯಾಕರ್. ಮೊದಲ ಕೋಟು ತೆಳುವಾಗಿರಬೇಕು; ದಪ್ಪಗೆ ಹೊಡೆದರೆ ದ್ರಾವಕ ಹಾಳೆಯನ್ನು ಉಬ್ಬಿಸಿ ಸುಕ್ಕು ಮಾಡುತ್ತದೆ.

ಈ ಹಾರ್ಡನರಿನಲ್ಲಿ ಐಸೋಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಉಬ್ಬಸ ಅಂಟಿಕೊಳ್ಳಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ಸ್ವಲ್ಪ ತಾಗಿದರೂ ಆಪತ್ತು. ಸಣ್ಣ ಊರಿನ ಪೇಂಟರುಗಳು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಈ ಕೆಲಸ ಮಾಡುತ್ತಾರೆ. ಕರವಸ್ತ್ರ ಏನನ್ನೂ ತಡೆಯದು. ಗಾಡಿಯವರು ಹೊಳಪಿನ ಬಗ್ಗೆ ಚೌಕಾಸಿ ಮಾಡುವಷ್ಟೇ ಕಾಳಜಿಯಿಂದ ಪೇಂಟರಿನ ಮಾಸ್ಕಿನ ಬಗ್ಗೆಯೂ ಕೇಳಬೇಕು. ದಿನನಿತ್ಯ ದುಡಿಯುವ ಗಾಡಿಗೆ ಲ್ಯಾಕರ್ ಅನಿವಾರ್ಯವೇನಲ್ಲ. ಒಳ್ಳೆಯ ಹಾಳೆ, ಶುಚಿಯಾದ ಮೇಲ್ಮೈ, ಪೆಟ್ರೋಲ್ ತುಳುಕಿದಾಗ ತಕ್ಷಣ ಒರೆಸುವ ಅಭ್ಯಾಸ ಸಾಕು.

ಎಲ್ಲಿ ಅಂಟಿಸಬಾರದು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಬಣ್ಣವೂ ಆ ವಿವರಗಳಲ್ಲಿ ಒಂದು. ಮೂಲದ್ದೇ ಸ್ಟಿಕರ್ ಮರಳಿ ಹಾಕುವುದಕ್ಕೆ ಅಡ್ಡಿಯಿಲ್ಲ. ಇಡೀ ಗಾಡಿಗೆ ಬೇರೆ ಬಣ್ಣದ ಹಾಳೆ ಸುತ್ತಿಸುವವರು ಮಾತ್ರ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ನಂಬರ್ ಪ್ಲೇಟಿನ ಮೇಲೆ ಯಾವ ಸ್ಟಿಕರಿಗೂ ಜಾಗವಿಲ್ಲ. ದೇವರಾಗಲಿ, ನಟರಾಗಲಿ, ಸಂಘಟನೆಯಾಗಲಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಅತಿಸುರಕ್ಷಿತ ಪ್ಲೇಟು ಕಡ್ಡಾಯ. ಅದಕ್ಕಿಂತ ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿತು. ಆ ಪ್ಲೇಟಿನ ಅಶೋಕ ಚಕ್ರದ ಹಾಲೊಗ್ರಾಂ ಮುಚ್ಚುವಂತೆ ಏನನ್ನು ಅಂಟಿಸಿದರೂ ತಪ್ಪೇ. ಹೆಡ್‌ಲೈಟಿನ ಗಾಜನ್ನೂ ಹಿಂಬದಿಯ ಕೆಂಪು ರಿಫ್ಲೆಕ್ಟರನ್ನೂ ಮುಚ್ಚಬಾರದು.

ಸೇರಿಸಲೇಬೇಕಾದ ಒಂದು ಸ್ಟಿಕರ್ ಇದೆ: ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಪಟ್ಟಿ. ಜನ ರೇಡಿಯಂ ಎಂದರೂ ಅದರಲ್ಲಿರುವುದು ಆ ಧಾತುವಲ್ಲ, ಸೂಕ್ಷ್ಮವಾದ ಗಾಜಿನ ಮಣಿಗಳು ಅಥವಾ ಪಟ್ಟಕಗಳು. ಬೀದಿದೀಪ ಇಲ್ಲದ ಶಿರಾಳಕೊಪ್ಪ–ಸೊರಬದಂಥ ದಾರಿಯಲ್ಲಿ ಹುಲ್ಲಿನ ಹೊರೆ ಹಿಂದಿನ ದೀಪವನ್ನೇ ಮುಚ್ಚಿದಾಗ, ಮಡ್‌ಗಾರ್ಡಿನ ತುದಿಯಲ್ಲಿ ಕೆಂಪು ಪಟ್ಟಿ, ಬದಿಗಳಲ್ಲಿ ಹಳದಿ ಪಟ್ಟಿ ಇದ್ದರೆ ಹಿಂದೆ ಬರುವ ಲಾರಿಯವರಿಗೆ ದೂರದಿಂದಲೇ ಕಾಣುತ್ತದೆ. ಟ್ಯಾಂಕಿನ ಗೆರೆಗೆ ಹಣ ಸಾಲದಿದ್ದರೂ ಇದಕ್ಕೆ ಸಾಲುತ್ತದೆ.

ಕಿತ್ತು ತೆಗೆದ ಹಳೆಯ ಸ್ಟಿಕರುಗಳನ್ನು ಅಂಗಳದ ಕಸದ ಜೊತೆ ಸುಡಬೇಡಿ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಮೂರಕ್ಕೂ ಅದು ಕೆಡುಕು. ಹಾಳೆ, ಹಿಂಬದಿಯ ಕಾಗದ, ಟೇಪು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಿ.